ಉಚ್ಚಂಗಮ್ಮನ ಕಪ್ಪು ಪರದೆ

ಚಿತ್ರದುರ್ಗದ ಆ ವಿಮಾ ಕಚೇರಿಗೆ ಕುರಿಗಾರರು ಯಾರೇ ಬಂದರೂ ಮೊದಲು ನಿಲ್ಲುತ್ತಿದ್ದುದು ಉಚ್ಚಂಗಮ್ಮನ ಟೇಬಲ್ಲಿನ ಮುಂದೆ. ವಿಮೆಯಾದ ಪ್ರತಿ ಕುರಿಯ ಕಿವಿಯಲ್ಲೂ ನಂಬರಿನ ಓಲೆ ಇರುತ್ತದೆ. ಅದು ಯಾರ ಕುರಿ ಎಂಬ ವಿವರವೆಲ್ಲ ಬೆಂಗಳೂರಿನ ಮುಖ್ಯ ಕಚೇರಿಯ ಮೇನ್‌ಫ್ರೇಮ್ ಎಂಬ ಹಳೇ ದೊಡ್ಡ ಕಂಪ್ಯೂಟರಿನಲ್ಲಿದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಹೊಡೆದು ಅದನ್ನು ಹೊರತೆಗೆಯಲು ಬರುತ್ತಿದ್ದುದು ಅವಳೊಬ್ಬಳಿಗೇ. ಮ್ಯಾನೇಜರ್ ಹನುಮಂತಯ್ಯ ಕೂಡ ಅವಳ ಊಟ ಮುಗಿಯುವವರೆಗೆ ಕಾಯುತ್ತಿದ್ದರು.

ತುರುವನೂರಿನ ರಂಜಿತಾ ಕೆಲಸಕ್ಕೆ ಸೇರಿದ ಮೇಲೆ ಅದೆಲ್ಲ ಕೆಟ್ಟಿತು. ಆ ಹುಡುಗಿ ತನ್ನ ಟೇಬಲ್ ಮೇಲಿನ ಕಂಪ್ಯೂಟರಿನಲ್ಲೇ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದಳು. ಓಲೆಯ ನಂಬರ್ ಹಾಕಿದರೆ ಸಾಕು, ಅದೇ ಮೇನ್‌ಫ್ರೇಮನ್ನು ಕೇಳಿ ಮಾಲೀಕನ ಹೆಸರು, ಊರು ತಂದು ತೋರಿಸುತ್ತಿತ್ತು. ಜನ ಅತ್ತ ಹೋದರು. ಹನುಮಂತಯ್ಯನವರು ಅವಳ ಕುರ್ಚಿಯ ಹಿಂದೆ ನಿಂತು ನೋಡಿ ಮುಖ ಅರಳಿಸಿದರು. ಉಚ್ಚಂಗಮ್ಮನಿಗೆ ಮೈಯೆಲ್ಲ ಉರಿಯಿತು. ತನ್ನ ಕೆಲಸ ನೋಡಿ ಅವರು ಒಂದು ದಿನವೂ ಹಾಗೆ ನಕ್ಕಿರಲಿಲ್ಲ.

ಒಂದು ಮಧ್ಯಾಹ್ನ ರಂಜಿತಾ ಊಟಕ್ಕೆ ಎದ್ದಾಗ ಉಚ್ಚಂಗಮ್ಮ, ಆ ಪ್ರೋಗ್ರಾಮ್ ಮೇನ್‌ಫ್ರೇಮಿನೊಳಗೆ ಹೋಗಲೆಂದು ಹಿಂದೆ ತಾನೇ ಮಾಡಿಸಿಕೊಟ್ಟಿದ್ದ ಲಾಗಿನ್ ಹೆಸರನ್ನು ಕಪ್ಪು ಪರದೆಯಲ್ಲಿ ಹಾಕಿ, ಬೇಕಂತಲೇ ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆದಳು. ಮೇನ್‌ಫ್ರೇಮ್ ಆ ಲಾಗಿನ್ನಿಗೆ ಬೀಗ ಹಾಕಿತು.

ಸ್ವಲ್ಪ ಹೊತ್ತಿಗೆ ಯಲ್ಲದಕೆರೆಯ ಓಬಣ್ಣ, ಪಕ್ಕದ ಹಟ್ಟಿಯ ಚಿತ್ತಪ್ಪ ಒಂದೇ ಟಗರಿಗೆ ಜಗಳಾಡುತ್ತ, ಅದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಹಿಂಡು ಬೆರೆತಾಗ ಯಾರದ್ದೆಂದು ಗೊತ್ತಾಗಿರಲಿಲ್ಲ. ರಂಜಿತಾಳ ಪ್ರೋಗ್ರಾಮ್ ಬಾಯಿಬಿಡಲಿಲ್ಲ. ಎಲ್ಲರೂ ಉಚ್ಚಂಗಮ್ಮನತ್ತ ತಿರುಗಿದರು. ಅವಳು ನಿಧಾನವಾಗಿ ಕನ್ನಡಕ ಒರೆಸಿಕೊಂಡು, ನಂಬರ್ ಹೊಡೆದು, ಟಗರು ಓಬಣ್ಣನದೆಂದಳು. ಚಿತ್ತಪ್ಪ ಮರುಮಾತಿಲ್ಲದೆ ಹಗ್ಗ ಬಿಟ್ಟುಕೊಟ್ಟ. ಅವತ್ತು ಕಚೇರಿಯ ಟೀ ಕೂಡ ಅವಳಿಗೆ ರುಚಿಯೆನಿಸಿತು.

ಮರುದಿನ, ಬೀಗ ತೆಗೆಸಿಕೊಂಡ ರಂಜಿತಾ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಹೇಳಿದಳು: "ಅಕ್ಕ, ತಪ್ಪು ಪಾಸ್‌ವರ್ಡ್ ನಿಮ್ಮ ಮಿಷಿನ್ನಿಂದ್ಲೇ ಹೋಗೈತಂತೆ, ಬೆಂಗಳೂರಿನೋರು ಹೇಳಿದ್ರು. ಸಾಹೇಬ್ರಿಗೆ ನಾನೇನೂ ಹೇಳಿಲ್ಲ."

ಅವಳು ಬೈದಿದ್ದರೆ ಉಚ್ಚಂಗಮ್ಮ ತಿರುಗಿ ಬೈಯಬಹುದಿತ್ತು. ಒಳ್ಳೆಯತನದಲ್ಲೂ ಈ ಹುಡುಗಿ ತನಗಿಂತ ಮುಂದೆ ಹೋದಳಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ವಾರ ಕಳೆದ ಮೇಲೆ, ಕಚೇರಿಯಲ್ಲಿ ಜನ ಇಲ್ಲದಾಗ, ಅವಳೇ ರಂಜಿತಾಳ ಬಳಿ ಹೋದಳು. "ಅದೇನ್ ಬರ್ದಿದೀಯೋ, ನಂಗೂ ಸೊಲ್ಪ ತೋರ್ಸು," ಅಂದಳು. ರಂಜಿತಾ ಕುರ್ಚಿ ಸರಿಸಿ ಜಾಗ ಕೊಟ್ಟಳು. ಆ ಎಳೇ ಬೆರಳುಗಳು ಕೀಬೋರ್ಡಿನ ಮೇಲೆ ಓಡುವುದನ್ನು ಕಂಡು ಉಚ್ಚಂಗಮ್ಮನ ಹುಬ್ಬು ಮತ್ತೆ ಗಂಟಾಯಿತು. ಆದರೂ ಎದ್ದು ಹೋಗಲಿಲ್ಲ.