ಬೆಂಕಿಪೊಟ್ಟಣದಲ್ಲಿ ಹೋದದ್ದು ಯಾರದು

ಮೂರು ದಿನದಿಂದ ನಮ್ಮ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೂತಿತ್ತು. ಮುಚ್ಚಳದ ಒಳಗಡೆ ಬೆರಳುದ್ದದ ಒಂದು ಚಮಚ. ಹೊರಗೆ ಅಂಟಿಸಿದ ಚೀಟಿಯಲ್ಲಿ ನನ್ನ ಮೊಮ್ಮಗಳು ಚಿನ್ನುವಿನ ಹೆಸರು. ಆರು ವರ್ಷದ ಹುಡುಗಿ ಬರೆಯಲು ಕೊಟ್ಟ ಬಳಪವನ್ನೆಲ್ಲ ತಿಂದು ಮುಗಿಸುತ್ತಾಳೆ, ಮುಖ ಬಿಳಿಚಿಕೊಂಡಿದೆ ಎಂದು ಹಾಸನದ ಡಾಕ್ಟರಿಗೆ ತೋರಿಸಿದ್ದಕ್ಕೆ, ಹುಳ ಇದೆಯೇನೋ ನೋಡೋಣ, ಬೆಳಗಿನ ಮಲ ತನ್ನಿ ಎಂದು ಕೊಟ್ಟ ಡಬ್ಬಿ ಅದು.

ತುಂಬುವುದೇನೋ ಸುಲಭ. ಒಯ್ಯುವವರು ಯಾರು? ಸೊಸೆ ಅದರ ಮೇಲೊಂದು ಪೇಪರ್ ಮುಚ್ಚಿ ಅತ್ತ ತಿರುಗಿಯೂ ನೋಡಲಿಲ್ಲ. ಮಗ ತರಕಾರಿ ಸಾಗಿಸುವ ಗಾಡಿ ಓಡಿಸುತ್ತಾನೆ. "ಕೋಸಿನ ಪಕ್ಕ ಇದ್ನ ಹೆಂಗಿಡ್ಲವ್ವ? ಗಿರಾಕಿ ಕಂಡ್ರೆ ಕೆಟ್ಟೆ ನಾನು" ಎಂದ. ಅವರ ನಾಚಿಕೆ ನೋಡಿ ನನಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಈ ನಾಚಿಕೆಯ ಬೆಲೆ ನನಗೆ ಗೊತ್ತು. ಅದನ್ನು ನನ್ನ ಬದಲಿಗೆ ತೆತ್ತವಳು ನನ್ನ ತಂಗಿ ಸಾವಿತ್ರಿ.

ನಮ್ಮ ಕಾಲದಲ್ಲಿ ಡಬ್ಬಿ ಇರಲಿಲ್ಲ, ಬೆಂಕಿಪೊಟ್ಟಣ ಇತ್ತು. ಬೆಂಕಿಪೊಟ್ಟಣದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಡ್ಡಿ ಮುಗಿದ ಮೇಲೂ ನಮ್ಮ ಮನೆಯಲ್ಲಿ ಅದಕ್ಕೆ ಬಿಡುವು ಇರುತ್ತಿರಲಿಲ್ಲ. ಅವ್ವನ ಮುರಿದ ಓಲೆ ಒಂದರಲ್ಲಿ, ಅಜ್ಜಿಯ ನಶ್ಯ ಇನ್ನೊಂದರಲ್ಲಿ. ಸಾವಿತ್ರಿ ಜೀರುಂಡೆ ಹಿಡಿದು ಅದರೊಳಗೆ ಸಾಕಿ, ಎಳೆ ಜಾಲಿ ಸೊಪ್ಪು ಹಾಕಿ, ಕಿವಿಯ ಹತ್ತಿರ ಹಿಡಿದು "ಮಾತಾಡ್ತದೆ ಕೇಳಕ್ಕ" ಎನ್ನುತ್ತಿದ್ದಳು. ಆಸ್ಪತ್ರೆಗೆ ಮಲ ಒಯ್ಯುವುದೂ ಅದರಲ್ಲೇ. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು.

ನನ್ನ ತವರೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ನಾಲೆಯ ಪಕ್ಕ. ಸಾವಿತ್ರಿಗೆ ಆಗ ಒಂಬತ್ತು ವರ್ಷ, ನನಗೆ ಹದಿನಾಲ್ಕು. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅವಳು ಜಾಣೆ. ಆದರೆ ಮಣ್ಣು ತಿನ್ನುತ್ತಿದ್ದಳು. ಗೋಡೆಗೆ ನೀರು ಚಿಮುಕಿಸಿ ಮೂಸುವಳು, ಯಾರೂ ನೋಡದಾಗ ಉಗುರಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುವಳು. ಊರಿನ ಗೋಡೆಗಳ ರುಚಿಯೆಲ್ಲ ಅವಳಿಗೆ ಬಾಯಿಪಾಠ. "ಮೇಲ್ಗಡೆ ಮನೇದು ಬರೀ ಉಪ್ಪು ಕಣಕ್ಕ. ನಮ್ದೇ ವಾಸಿ." ನೀರು ಹೊತ್ತರೆ ಏದುಸಿರು, ನಾಲ್ಕು ಹೆಜ್ಜೆಗೆ ಕೂರುವುದು. ಕಾಲಿನ ಬೆರಳ ಸಂದಿಯಲ್ಲಿ ಸದಾ ತುರಿಕೆ.

ಇಲ್ಲಿ ಚಪ್ಪಲಿಯ ವಿಷಯವನ್ನೂ ಹೇಳಬೇಕು. ಮಕ್ಕಳಿಗೆಂದು ಮನೆಯಲ್ಲಿ ಇದ್ದದ್ದು ಒಂದೇ ಜೊತೆ ಚಪ್ಪಲಿ, ಅದು ನನ್ನದು. ದೊಡ್ಡ ಹುಡುಗಿ ಬರಿಗಾಲಲ್ಲಿ ತಿರುಗಿದರೆ ನೋಡಿದವರು ಏನೆಂದಾರು ಎಂದು ಸೋದರತ್ತೆ ಕೊಡಿಸಿದ್ದಳು. ಆಲೂಗೆಡ್ಡೆ ಹೊಲಕ್ಕೂ ನಾಲೆ ಏರಿಯ ಹಿಂದೆ ಬಯಲುಕಡೆಗೂ ನಾನು ಚಪ್ಪಲಿ ಮೆಟ್ಟಿ ಠೀವಿಯಿಂದ ಹೋಗುತ್ತಿದ್ದೆ. ಅವಳು ಹಿಂದೆ ಬರಿಗಾಲಲ್ಲಿ, ನನ್ನ ಹೆಜ್ಜೆಯ ಗುರುತಿನ ಮೇಲೇ ಕಾಲಿಟ್ಟುಕೊಂಡು ಬರುತ್ತಿದ್ದಳು.

ಪೇಟೆಯ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಏನಮ್ಮ, ಈ ಮಗೂಗೆ ರಕ್ತಾನೇ ಇಲ್ಲ. ನಾಳೆ ಮಲ ತನ್ನಿ" ಎಂದರು. ಮಾರನೆಯ ದಿನ ಅವ್ವ ಕೂಲಿಗೆ ಹೋಗಬೇಕಿತ್ತು. ಸಾವಿತ್ರಿಗೆ ಬಸ್ಸು ಹತ್ತುವಷ್ಟು ತ್ರಾಣವಿರಲಿಲ್ಲ. ಪೊಟ್ಟಣ ನನ್ನ ಕೈಗೆ ಬಂತು. ಪೇಟೆಗೆ ಹೋಗುತ್ತೇನಲ್ಲ ಎಂದು ಹಬ್ಬದ ಲಂಗ ಉಟ್ಟು, ಕನಕಾಂಬರ ಮುಡಿದು ಹೊರಟೆ. ಯಾವ ಸೌಭಾಗ್ಯಕ್ಕೆ ಆ ಅಲಂಕಾರವೋ.

ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಬೀಡಿ ಕಚ್ಚಿಕೊಂಡು ಜೇಬು ತಡಕುತ್ತಿದ್ದರು. ನನ್ನ ಕೈಯನ್ನು ನೋಡಿದರು.

"ಒಂದು ಕಡ್ಡಿ ಕೊಡವ್ವ."

"ಇಲ್ಲ ಸಾ. ಕಾಲಿ."

"ಕಾಲಿ ಪೊಟ್ಟಣನ ಯಾಕವ್ವ ಅಂಗೆ ಹಿಡ್ಕಂಡಿದೀಯ? ಒಳಗೇನು ಒಡವೆ ಮಡಗಿದೀಯಾ?"

ಪಕ್ಕದವರೆಲ್ಲ ನಕ್ಕರು. ಅವರು ಕೈ ಚಾಚಿಯೇ ಇದ್ದರು. ಬಸ್ಸು ನಾಲೆಯ ಸೇತುವೆ ಹತ್ತುತ್ತಿತ್ತು. ಕಾಲಿ ಎಂದಿದ್ದೆನಲ್ಲ, ಆ ಮಾತನ್ನು ಉಳಿಸಿಕೊಳ್ಳಲು ಪೊಟ್ಟಣವನ್ನು ಕಿಟಕಿಯಿಂದ ಎಸೆದುಬಿಟ್ಟೆ.

ಆಸ್ಪತ್ರೆಯ ಲ್ಯಾಬಿನವರು "ಎಲ್ಲಮ್ಮ?" ಎಂದಾಗ "ತಂದೆ ಸಾ" ಎಂದು ಹೊರಗೆ ಓಡಿದೆ. ಟೀ ಅಂಗಡಿಯಲ್ಲಿ ಖಾಲಿ ಪೊಟ್ಟಣ ಬೇಡಿ, ಆಸ್ಪತ್ರೆಯ ಹಿಂದಿನ ಪೊದೆಯ ಮರೆಗೆ ಹೋದೆ. ನನ್ನದನ್ನೇ ಅದಕ್ಕೆ ಹಾಕಿ ತಂದು ಸಾವಿತ್ರಿಯ ಹೆಸರು ಹೇಳಿ ಕೊಟ್ಟೆ. ಮೋಸವೆಂದು ಆಗ ಅನ್ನಿಸಲಿಲ್ಲ, ನಂಬಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಮಡಕೆಯ ಮುದ್ದೆ ಉಣ್ಣುವವರು, ಅವಳದೇನು ನನ್ನದೇನು ಎಂದು ನನ್ನ ಲೆಕ್ಕ. ಹುಳ ಅಂಗಾಲಿನಿಂದ ಒಳಗೆ ಹೊಗುತ್ತದೆ, ಚಪ್ಪಲಿ ಮೆಟ್ಟಿದವಳ ಮಲ ಬೇರೆ, ಬರಿಗಾಲಿನವಳದ್ದು ಬೇರೆ ಎಂದು ನನಗೆ ಯಾರು ಹೇಳಿದ್ದರು?

ಚೀಟಿಯಲ್ಲಿ "ಹುಳ ಇಲ್ಲ" ಎಂದು ಬರೆದು ಕೊಟ್ಟರು. ಅಷ್ಟನ್ನು ಓದುವಷ್ಟು ಅಕ್ಷರ ನನಗೆ ಬರುತ್ತಿತ್ತು.

ಮನೆಯಲ್ಲಿ ಆ ಚೀಟಿಯೇ ತೀರ್ಪಾಯಿತು. ಹುಳವಿಲ್ಲದ ಮೇಲೆ ಡಾಕ್ಟರ ಹತ್ತಿರ ಏನು ಕೆಲಸ? ಇದು ಮಣ್ಣಿನ ಚಟ, ಬರೆ ಹಾಕಿದರೆ ಬಿಡುತ್ತದೆ ಎಂದಳು ಅಜ್ಜಿ. ಬಳೆಚೂರು ಕಾಯಲು ಒಲೆಗೆ ಬಿತ್ತು. ಅವ್ವ ಮುಖ ತಿರುಗಿಸಿ ಕೂತಳು. ಕೈ ಹಿಡಿಯುವ ಕೆಲಸ ನನ್ನದು. ಈಗಲಾದರೂ ಹೇಳೋಣ ಎಂದು ಬಾಯಿ ತೆರೆದೆ, ಬಸ್ಸಿನಲ್ಲಿ ನಕ್ಕವರ ಮುಖಗಳೆಲ್ಲ ಎದುರು ಬಂದವು, ಮುಚ್ಚಿದೆ. ನನ್ನ ಹಿಡಿತ ಸಡಿಲವಾದದ್ದು ಕಂಡು ಸಾವಿತ್ರಿಯೇ ಹೇಳಿದಳು: "ಗಟ್ಟಿಯಾಗಿ ಇಡ್ಕೊ ಅಕ್ಕ. ನಾನು ಅಲ್ಲಾಡ್ಬುಟ್ರೆ ಇನ್ನೊಂದು ಕಡೇನೂ ಸುಟ್ಟೋಯ್ತದೆ."

ಎಡ ಮೊಣಕೈ ಕೆಳಗೆ ಆ ಗುರುತು ಇವತ್ತಿಗೂ ಇದೆ, ಹುಣಸೆಬೀಜದಷ್ಟು.

ಮತ್ತೆ ಒಂದು ವರ್ಷ ಹೀಗೇ ಕಳೆಯಿತು. ಅವಳನ್ನು ಸೋಮಾರಿ ಎಂದು ಬೈದವರಲ್ಲಿ ನಾನೂ ಇದ್ದೆ. ಕೊನೆಗೆ ಊರಿಗೆ ಲಸಿಕೆ ಹಾಕಲು ಬಂದ ನರ್ಸಮ್ಮ ಅವಳ ಅಂಗೈ ಹಿಡಿದು ನೋಡಿ, ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಎಂದರು. ಈ ಸಲ ಪೊಟ್ಟಣವನ್ನು ಸಾವಿತ್ರಿಯೇ ಹಿಡಿದುಕೊಂಡಳು, ಜೊತೆಗೆ ಅವ್ವ. ಬಸ್ಸಿನಲ್ಲಿ ಅವಳನ್ನೂ ಯಾರೋ ಕಡ್ಡಿ ಕೇಳಿದರಂತೆ. "ಇದ್ರಾಗೆ ಕಡ್ಡಿ ಇಲ್ಲ ಕಣ್ ಮಾವ, ಏಲು ಐತೆ. ಕೊಡ್ಲಾ?" ಎಂದಳಂತೆ. ಸೀಟೆಲ್ಲ ಖಾಲಿಯಾಗಿ ಇಬ್ಬರೂ ಕಾಲು ಚಾಚಿಕೊಂಡು ಹೋದರಂತೆ.

ಸಂಜೆ ಬಂದವಳು ಮಾತ್ರೆ ಟಾನಿಕ್ಕು ಪಕ್ಕಕ್ಕಿಟ್ಟು ಮೊದಲು ಹೇಳಿದ್ದು ಇದು: "ಗಾಜಿನೊಳಗೆ ತೋರ್ಸಿದ್ರು ಕಣಕ್ಕ. ಕೊಕ್ಕೆಹುಳದ ಮೊಟ್ಟೆ. ಗಾಜಿನ ಮಣಿಯೊಳಗೆ ನಾಕು ಕಾಳು ಮಡಗಿದಂಗೆ. ಸಂದಾಕವೆ." ಆಮೇಲೆ, "ಪಾಪ, ಆ ಲ್ಯಾಬಿನೋರು, ವೋದ್ಸಲ ನಾನೇ ಸರಿಯಾಗಿ ನೋಡ್ನಿಲ್ವೇನೋ ಅಂತ ನೊಂದ್ಕಂಡ್ರು" ಎಂದಳು. ನಾನು ಟಾನಿಕ್ಕಿನ ಶೀಶೆಯನ್ನು ಗೂಡಿಗೆ ಎತ್ತಿಟ್ಟೆ.

ಅವಳ ಮುಖಕ್ಕೆ ಬಣ್ಣ ಬಂತು. ಹತ್ತನೇ ಕ್ಲಾಸು ಮುಗಿಸಿದಳು. ಮದುವೆಯಾಗಿ ಚನ್ನರಾಯಪಟ್ಟಣದ ಕಡೆಗೆ ಹೋಗಿ, ಈಗ ಅಲ್ಲಿ ಆಶಾ ಕಾರ್ಯಕರ್ತೆ. ಮನೆಮನೆಗೆ ಹುಳದ ಮಾತ್ರೆ ಹಂಚುತ್ತಾಳೆ, ಮಗು ಮಾತ್ರೆ ಜಗಿದು ನುಂಗುವವರೆಗೂ ಅಲ್ಲಾಡುವುದಿಲ್ಲ. ಮಲ ಎನ್ನಲು ನಾಚುವ ತಾಯಂದಿರಿಗೆ, "ಉಣ್ಣೋವಾಗ ನಾಚ್ಕೊಂಡ್ರಾ?" ಎಂದು ಕೇಳುತ್ತಾಳಂತೆ. ನನ್ನ ಬಾಣಂತನ ಮಾಡಿದವಳು ಅವಳು, ನನ್ನ ಮಗನಿಗೆ ಅಕ್ಷರ ತಿದ್ದಿಸಿದವಳೂ ಅವಳೇ. ನನಗೆ ಉಳಿದಿರುವ ಹತ್ತಿರದ ಜೀವ ಅದೊಂದೇ. ಹೇಳಿದರೆ ಅದೂ ದೂರವಾದೀತು ಎಂಬ ಹೆದರಿಕೆಯಲ್ಲೇ ಇಷ್ಟು ವರ್ಷ ಕಳೆದೆ.

ಗೂಡಿನ ಡಬ್ಬಿ ನೋಡಿ ನೋಡಿ ನಿನ್ನೆ ಅವಳಿಗೆ ಫೋನ್ ಮಾಡಿದೆ, ಹೇಗೆ ತುಂಬಬೇಕು ಎಂದು ಕೇಳುವ ನೆಪದಲ್ಲಿ. "ಬೆಳಿಗ್ಗೆದೇ ಆಗ್ಬೇಕು. ಉಚ್ಚೆ ಸೇರಬಾರ್ದು, ನೀರು ಸೋಕಬಾರ್ದು. ತಡ ಮಾಡ್ದೆ ಕೊಟ್ಬುಡು" ಎಂದೆಲ್ಲ ಹೇಳಿ, "ಮತ್ತೇನಕ್ಕ?" ಎಂದಳು.

ಹೇಳಿದೆ. ಲಂಗ, ಕನಕಾಂಬರ, ಬಿಳಿ ಅಂಗಿ, ನಾಲೆ, ಪೊದೆ, ಎಲ್ಲ.

 

"ಅಂಗಾದ್ರೆ ಆ ಚೀಟಿ ನಿಂದು."

"ಊಂ."

"ನಾನು ಇಷ್ಟು ವರ್ಷ ಅಜ್ಜೀನ ಬಯ್ಕೊಂಡೆ ಕಣಕ್ಕ. ಸಾಯೋವಾಗ್ಲೂ ಅವಳ ಬಾಯಿಗೆ ನಾನು ನೀರು ಬಿಡ್ಲಿಲ್ಲ. ಗೊತ್ತಲ್ಲ ನಿಂಗೆ."

ಗೊತ್ತಿತ್ತು. ನಾನು ಅಲ್ಲೇ ಇದ್ದೆ. ಆ ಲೋಟ ಅವಳ ಕೈಯಿಂದ ನನ್ನ ಕೈಗೆ ಬಂದಿತ್ತು.  ಅವಳು ಮತ್ತೆ ಮಾತಾಡಿದಳು. ದನಿ ಕೆಲಸದ ದನಿಯಾಗಿತ್ತು.

"ನಾಳೆ ಡಬ್ಬಿ ನೀನೇ ತಗೊಂಡೋಗು. ಇನ್ನೊಬ್ರ ಕೈಗೆ ಕೊಡ್ಬ್ಯಾಡ."

ಫೋನು ಇಟ್ಟಳು.

ಇವತ್ತು ಬೆಳಿಗ್ಗೆ ನಮ್ಮ ಈಗಿನ ಊರು ಕಟ್ಟಾಯದಲ್ಲಿ ಹಾಸನದ ಬಸ್ಸು ಹತ್ತಿದೆ. ಡಬ್ಬಿಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದಿದ್ದೆ. ಪಕ್ಕದಲ್ಲಿ ಕಾಲೇಜಿನ ಹುಡುಗಿ ಕೂತಿತ್ತು. "ಏನಜ್ಜಿ, ಪ್ರಸಾದನಾ?" ಎಂದಿತು. "ಅಲ್ಲವ್ವ. ಮೊಮ್ಮಗಳ ಮಲ, ಪರೀಕ್ಷೆಗೆ" ಎಂದೆ. ಹುಡುಗಿ ಸ್ವಲ್ಪ ಸರಿದು ಕೂತಿತು. ಬಸ್ಸೇನೂ ಮುಳುಗಲಿಲ್ಲ. ಇಷ್ಟು ಸುಲಭವಿತ್ತು.

ಲ್ಯಾಬಿನ ಹೆಣ್ಣುಮಗಳು ಚೀಟಿ ನೋಡಿ ಡಬ್ಬಿ ಒಳಗಿಟ್ಟುಕೊಂಡಳು. "ನನ್ನ ಕಣ್ಣೆದುರೇ ತುಂಬಿದ್ದು ಕಣವ್ವ, ಅವಳದ್ದೇ" ಎಂದೆ. ಆಕೆ ಒಂದು ಥರ ನೋಡಿ, "ಕೂತಿರಿ ಅಜ್ಜಿ" ಎಂದಳು.

ಬೆಂಚಿನ ಮೇಲೆ ಕೂತೆ. ಫೋನು ಹೊಡೆದುಕೊಂಡಿತು. ಸಾವಿತ್ರಿ.

"ಕೊಟ್ಯಾ?"

"ಕೊಟ್ಟೆ."

"ಯಾರ್ದು?"

ಉತ್ತರಕ್ಕೆ ಕಾಯುತ್ತಾ ಅವಳು ಉಸಿರು ಬಿಗಿಹಿಡಿದದ್ದು ಕೇಳಿಸಿತು. ನಗು ತಡೆಯುವಾಗ ಚಿಕ್ಕಂದಿನಲ್ಲೂ ಅವಳು ಹೀಗೇ ಮಾಡುತ್ತಿದ್ದಳು, ಅಳು ತಡೆಯುವಾಗಲೂ ಹೀಗೇ. ಯಾವುದೆಂದು ತಿಳಿಯಲಿಲ್ಲ. ಎರಡಕ್ಕೂ ಒಂದೇ ಉತ್ತರ ಕೊಟ್ಟೆ.

"ಚಿನ್ನೂದು ಕಣೆ ಸಾವಿತ್ರಿ. ಚಿನ್ನೂದೇ."