ಹತ್ತು ನಿಮಿಷದಲ್ಲಿ ಸರಿಯಾಗುತ್ತಿದ್ದ ತಪ್ಪುಗಳು

ನಮ್ಮ ಕಂಪನಿಗೆ ಆಫೀಸು ಇಲ್ಲ. ನಾವು ಐದೇ ಜನ, ಅವರವರ ಮನೆಯಲ್ಲೇ ಕೂತು ಕೆಲಸ ಮಾಡುತ್ತೇವೆ. ಫೋನ್ ಎತ್ತಿ ಜನರ ಪ್ರಶ್ನೆಗಳಿಗೆ ಉತ್ತರ ಕೊಡುವ ಎಐ ಪ್ರೋಗ್ರಾಂಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಅವು ತಪ್ಪು ಹೇಳದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಬಹಳ ವರ್ಷ ಕೂತಿದ್ದೆ. ಜನ ಬಾಯಲ್ಲಿ ಕೇಳುವುದೊಂದು, ಅವರಿಗೆ ಬೇಕಾಗಿರುವುದು ಇನ್ನೊಂದು ಎಂದು ಅಲ್ಲೇ ಕಲಿತೆ. ಯಾರ ಮಾತನ್ನೂ ಸುಲಭಕ್ಕೆ ನಂಬದ ಚಟ ಹತ್ತಿದ್ದೂ ಅಲ್ಲೇ.

ಒಂದು ವರ್ಷ ರಕ್ತಪರೀಕ್ಷೆಯ ಲ್ಯಾಬೊಂದರ ಕೆಲಸ ಬಂತು. ರಿಪೋರ್ಟ್ ಬಂದಿದೆಯೇ, ಯಾವ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಇಂಥದ್ದಕ್ಕೆಲ್ಲ ಹಿಂದಿ, ಮರಾಠಿ, ಕನ್ನಡದಲ್ಲಿ ಉತ್ತರ ಹೇಳಬೇಕಿತ್ತು. ಪ್ರೋಗ್ರಾಂ ಬರೆಯಲು ಹೊಸಬನೊಬ್ಬ ಸೇರಿದ. ಬೊರಿವಲಿಯವನು, ಎರಡು ಮಕ್ಕಳ ತಂದೆ. ಹಿರಿಯರು ಮಂಗಳೂರು ಕಡೆಯವರಾದರೂ ಅವನು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಮೀಟಿಂಗಿನಲ್ಲಿ ಕೇಳಿದಷ್ಟಕ್ಕೆ ಮಾತ್ರ ಬಾಯಿ ಬಿಡುತ್ತಿದ್ದ.

ನಾನು ಸಯನ್‌ನ ನಮ್ಮ ಮನೆಯಲ್ಲಿ ಕೂತು ಪ್ರಶ್ನೆಗಳ ಪಟ್ಟಿ ಮಾಡಿ, ಒಂದೊಂದಾಗಿ ಕೇಳಿ, ತಪ್ಪು ಉತ್ತರ ಬಂದದ್ದನ್ನು ಅವನಿಗೆ ಕಳಿಸುತ್ತಿದ್ದೆ. ಹತ್ತೇ ನಿಮಿಷದಲ್ಲಿ, ಸರಿಯಾಯಿತು ಅನ್ನುವುದಕ್ಕೆ ‘ಹೋ ಗಯಾ’ ಎಂದು ಮೆಸೇಜ್ ಬರುತ್ತಿತ್ತು. ಮತ್ತೆ ಕೇಳಿದರೆ ಉತ್ತರ ಸರಿಯಾಗಿರುತ್ತಿತ್ತು. ಅವನಿಗಿಂತ ಮುಂಚೆ ಇದ್ದವರಿಗೆ ಇಂಥ ಒಂದು ತಪ್ಪಿಗೆ ಎರಡು ದಿನ ಬೇಕಾಗುತ್ತಿತ್ತು.

ಕಂಪನಿ ನಡೆಸುವವರು ಮೈಸೂರಿನವರು, ಇರುವುದು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ. ಅವರಿಗೆ ಖುಷಿಯೋ ಖುಷಿ. “ನೋಡಿ, ನಿಮ್ಮ ಪಟ್ಟಿ ಪೂರ್ತಿ ಪಾಸ್ ಆಯ್ತಲ್ಲ, ಇನ್ನೇನು ಬೇಕು?” ಎಂದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಹಿಂದಿನ ದಿನದ ಪ್ರಶ್ನೆಯನ್ನೇ ಮತ್ತೆ ಕೇಳಿದೆ. ಅಕ್ಷರ ತಪ್ಪದೆ ಅದೇ ಉತ್ತರ ಬಂತು. ಐದು ಸಲ ಕೇಳಿದೆ, ಐದು ಸಲವೂ ಅದೇ. ಈ ಯಂತ್ರ ಒಂದೇ ವಿಷಯವನ್ನು ಸಲಕ್ಕೊಂದು ರೀತಿಯಲ್ಲಿ ಹೇಳುವಂಥದ್ದು. ಇದು ಮಾತಾಡುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದೆ ಅನ್ನಿಸಿತು. ನನ್ನ ಪ್ರಶ್ನೆಗಳಿಗೆ ಮಾತ್ರ ಅವನು ಕೈಯಾರೆ ಉತ್ತರ ಬರೆದಿಟ್ಟಿದ್ದಾನೆಯೇ? ಠಾಣೆಯವರಿಗೂ ಇದು ಗೊತ್ತೇ? ಪಟ್ಟಿ ಪಾಸಾದರೆ ಸಾಕು ಎನ್ನುವಂತೆ ಅವರು ಮಾತಾಡಿದ್ದರಿಂದ ಅವರ ಮೇಲೂ ಅನುಮಾನ ಬಂತು. ಯಾರಿಗೂ ಹೇಳಲಿಲ್ಲ. ಅವನ ‘ಹೋ ಗಯಾ’ ಮೆಸೇಜುಗಳನ್ನು ಗಂಟೆ ನಿಮಿಷ ಸಮೇತ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ.

ನಮ್ಮ ಮನೆಗೆಲಸಕ್ಕೆ ಬರುವಾಕೆ ವಿಜಯಪುರದ ಕಡೆಯವಳು, ಧಾರಾವಿಯಲ್ಲಿ ಮನೆ. ಅವಳಿಗೆ ಶುಗರ್ ಇತ್ತು. ಒಂದು ದಿನ ಫೋನು ಅವಳ ಕೈಗೇ ಕೊಟ್ಟು, ನಿನಗೆ ಬೇಕಾದ್ದು ಕೇಳು ಎಂದೆ.

“ನಾಳೆ ಮುಂಜಾನಿ ಖಾಲಿ ಹೊಟ್ಟಿ ಶುಗರ್ ನೋಡ್ಸಾಕ ಬರ್ತೀನ್ರಿ. ಬರೂಕಿಂತ ಮದ್ಲ ಒಂದ್ ಕಪ್ ಚಾ ಕುಡದ್ರ ನಡೀತೈತೇನ್ರಿ?”

“ಖಂಡಿತ, ಚಹಾ ಕುಡಿದು ಬರಬಹುದು” ಎಂದಿತು ಯಂತ್ರ.

ಅವಳು ಫೋನನ್ನು ಕಿವಿಯಿಂದ ತೆಗೆದು ನನ್ನ ಮುಖ ನೋಡಿದಳು. “ಅಕ್ಕಾರ, ಇದು ಸುಳ್ಳ ಹೇಳ್ತೈತಲ್ರಿ! ನೀರ ಬಿಟ್ಟು ಏನೂ ಬ್ಯಾಡ ಅಂದಿದ್ರು ಡಾಕ್ಟರು.”

ಇದೇ ಪ್ರಶ್ನೆ ನನ್ನ ಪಟ್ಟಿಯಲ್ಲಿತ್ತು, ಗ್ರಾಂಥಿಕ ಕನ್ನಡದಲ್ಲಿ. ಅದು ಪಾಸಾಗಿತ್ತು.

ಮರುದಿನ ಬೆಳಿಗ್ಗೆ ಅವನನ್ನು ಮಾಟುಂಗದ ಒಂದು ಹೋಟೆಲಿಗೆ ಬರಹೇಳಿದೆ. ಲೋಕಲ್ ಹಿಡಿದು ಬಂದ. ಎದುರಾಬದುರು ಕೂತದ್ದು ಅದೇ ಮೊದಲು. ಕಾಫಿ ಬರುವ ಮುಂಚೆಯೇ ಕೇಳಿಬಿಟ್ಟೆ: “ನನ್ನ ಪ್ರಶ್ನೆಗಳಿಗೆ ಉತ್ತರ ನೀವೇ ಬರೆದಿಟ್ಟಿದ್ದೀರಾ?”

“ಹಾಂ ಮೇಡಂ. ನಿಮ್ಮ ಲಿಸ್ಟ್‌ದು ಎಲ್ಲಾ ಡೈರೆಕ್ಟ್ ಹಾಕಿದೆ.”

“ಯಾಕೆ?”

“ನಿಮ್ಮ ಮೇಲೆ ಡೌಟ್ ಇತ್ತು.”

“ನನ್ನ ಮೇಲಾ?”

“ಮೊದಲಿನ ಕಂಪನಿಯಲ್ಲಿ ಒಬ್ಬರು ಹೀಗೇ ನನ್ನ ಮಿಸ್ಟೇಕ್ ಲಿಖ್ ಕೇ ರಖ್ತೇ ಥೇ. ಮತ್ತೆ ಒಂದು ದಿನ ನಿಕಾಲ್ ದಿಯಾ, ಕೆಲಸವೇ ಹೋಯ್ತು. ನೀವು ಸಹ ಅದಕ್ಕೇ ಮಿಸ್ಟೇಕ್ ಬರೆದು ಬರೆದು ಕಳಿಸ್ತೀರಿ ಅಂತ... ಮಿಸ್ಟೇಕೇ ಕಾಣದಿದ್ದರೆ ನೀವು ಏನು ಬರೀತೀರಿ?”

ಬೈಯಬೇಕೆಂದೇ ಹೋಗಿದ್ದೆ. ಪುಸ್ತಕ ನನ್ನ ಚೀಲದಲ್ಲೇ ಇತ್ತು. ಅದನ್ನು ಠಾಣೆಯವರಿಗೆ ತೋರಿಸಿ ಇವನನ್ನು ಸಿಕ್ಕಿಸಬೇಕು ಅಂತಲೇ ಬರೆದದ್ದು. ಅವನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಪುಸ್ತಕ ತೆಗೆದು ಅವನ ಮುಂದಿಟ್ಟೆ. ಎರಡು ಪುಟ ತಿರುವಿ ಮುಚ್ಚಿಟ್ಟ. ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದವರು ಚಾ ಕುಡಿದು ಹೋದರೆ ರಿಪೋರ್ಟು ತಪ್ಪುತ್ತದೆ, ಅದನ್ನು ನಂಬಿ ಮಾತ್ರೆ ಹೆಚ್ಚು ಮಾಡಿದರೆ ಗತಿಯೇನು ಎಂದು ಕೇಳಿದೆ. ಅವನ ಮುಖ ಇಳಿಯಿತು.

ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೇ ಇಬ್ಬರೂ ಠಾಣೆಯವರಿಗೆ ಫೋನ್ ಮಾಡಿದೆವು. ಅವನೇ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ.

“ಹಾಗಾದ್ರೆ ಇಷ್ಟು ದಿನ ಪಾಸಾಗಿದ್ದು?” ಎಂದರು ಅವರು. ದನಿ ಕೇಳಿದರೆ ಗೊತ್ತಾಗುತ್ತಿತ್ತು, ಅವರಿಗೆ ಏನೇನೂ ಗೊತ್ತಿರಲಿಲ್ಲ. ಆಮೇಲೆ, “ಲ್ಯಾಬಿನವರ ಹತ್ರ ಬೈಸ್ಕೊಳ್ಳೋದು ನಾನು. ಎಷ್ಟು ದಿನ ಬೇಕು ಹೇಳಿ” ಎಂದರು.

ಮೂರು ವಾರ ಹಿಡಿಯಿತು. ಬರೆದಿಟ್ಟ ಉತ್ತರಗಳನ್ನೆಲ್ಲ ಅವನು ಅಳಿಸಿದ. ಊಟ, ಔಷಧಿಯ ವಿಷಯದಲ್ಲಿ ಖಚಿತವಿಲ್ಲದಿದ್ದರೆ ಯಂತ್ರ ಸುಮ್ಮನಾಗಿ, ಫೋನನ್ನು ಲ್ಯಾಬಿನ ಮನುಷ್ಯರಿಗೇ ದಾಟಿಸಬೇಕು ಎಂದು ಮಾಡಿದೆವು. ಕಾಲ್ ಜಾಸ್ತಿ ಬರುತ್ತವೆ ಎಂದು ಲ್ಯಾಬಿನವರು ಗೊಣಗಿದರು, ಆದರೂ ಒಪ್ಪಿಕೊಂಡರು.

ಅವನು ಈಗಲೂ ನಮ್ಮ ಜೊತೆಯೇ ಇದ್ದಾನೆ. ಕೆಲಸದಲ್ಲಿ ಹುಳುಕು ಕಂಡರೆ ತಾನೇ ಮೊದಲು ಹೇಳುತ್ತಾನೆ. ಆದರೂ ನಾನು ಆಗಾಗ ಗಂಡನ ಫೋನಿನಿಂದ, ದನಿ ಬದಲಿಸಿ, ಲ್ಯಾಬಿನ ನಂಬರಿಗೆ ಏನಾದರೂ ಕೇಳುತ್ತಿರುತ್ತೇನೆ. ಮೊನ್ನೆ ಮೀಟಿಂಗ್ ಮುಗಿಯುವಾಗ ಅವನು ಕೇಳಿದ, “ಮೇಡಂ, ನಿನ್ನೆ ಥೈರಾಯ್ಡ್ ಬಗ್ಗೆ ಕೇಳಿದ ಅಜ್ಜಿ ನೀವೇ ಅಲ್ವಾ?”

ಅಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ.