ಆಕಳ ಕೊರಳಿನ ಬೆಲ್ಟು

ನಮ್ಮ ಕಾರಿನ ಹಿಂದಿನ ಸೀಟಿನ ಬೆಲ್ಟು ಆಕಳ ಕೊರಳಲ್ಲಿದೆ ಎಂಬ ಸಂಗತಿ ನನ್ನ ಮಗಳಿಗೆ ಗೊತ್ತಾದದ್ದು ಒಂದು ಬುಧವಾರ ಮುಂಜಾನೆ. ಅದನ್ನು ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಹೇಳದೆ ಜಾರಿಕೊಳ್ಳಲು ಸಾಕಷ್ಟು ನೋಡಿದೆ, ಅವಳು ಬಿಡಲಿಲ್ಲ.

ಮಗಳು ಬಾಣಂತನಕ್ಕೆಂದು ಕುಷ್ಟಗಿಯ ನಮ್ಮ ಮನೆಗೆ ಬಂದು, ಕೂಸಿಗೆ ಐದನೇ ತಿಂಗಳು ನಡೆದಿತ್ತು. ಮರುದಿನ ಗುರುವಾರ ತಾಯಿ-ಮಗಳನ್ನು ಗಂಗಾವತಿಗೆ, ಅವಳ ಗಂಡನ ಮನೆಗೆ, ಕಳಿಸುವುದೆಂದು ನಿಶ್ಚಯವಾಗಿತ್ತು. ನಮ್ಮಲ್ಲಿ ಶುಕ್ರವಾರ ಹೆಣ್ಣುಮಗಳನ್ನು ಕಳಿಸುವುದಿಲ್ಲ, ಹಾಗಾಗಿ ಗುರುವಾರ ಅಂದರೆ ಗುರುವಾರವೇ. ಮೊದಲ ಮೊಮ್ಮಗಳನ್ನು ನನ್ನ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗಿ ಬೀಗರ ಬಾಗಿಲಲ್ಲಿ ಇಳಿಸಬೇಕು ಎಂಬುದು ನನ್ನ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು, ಹಟ ಎನ್ನಿ. ಅದಕ್ಕೆಂದೇ ನಾಲ್ಕೂ ಟೈರು ಹೊಸವು ಹಾಕಿಸಿದ್ದೆ.

ಆ ಕಾರಿಗೆ ಈಗ ಹದಿನೆಂಟು ವರ್ಷ. ನನ್ನ ಪೈಪು-ಪಂಪಿನ ಅಂಗಡಿ ನಾಲ್ಕು ಜನರ ಕಣ್ಣಿಗೆ ಬೀಳುವಷ್ಟು ಬೆಳೆದಾಗ ಕೊಂಡದ್ದು. ಕಿಟಕಿಯ ಗಾಜನ್ನು ಕೈಯಿಂದ ತಿರುವಿ ಇಳಿಸಬೇಕು. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಮಗಳು ಅದನ್ನು ‘ಅಪ್ಪನ ಚಕ್ಕಡಿ’ ಎಂದು ಕರೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬರಲು ಅಂಥದ್ದೇನೂ ಬೇಕಾಗಿಲ್ಲ, ಅದು ಮೂಗಿನ ತುದಿಯಲ್ಲೇ ಇರುತ್ತದೆ.

ಮಗಳು ಫೋನಿನಲ್ಲೇ ಆರಿಸಿ ಕೂಸಿನ ಕಾರ್ ಸೀಟೊಂದನ್ನು ತರಿಸಿದ್ದಳು. ಪೆಟ್ಟಿಗೆ ಬಿಚ್ಚಿದಾಗ ನನ್ನ ಹೆಂಡತಿ ಅದನ್ನು ನಾಲ್ಕೂ ಕಡೆಯಿಂದ ನೋಡಿ, ಮೊರಕ್ಕೆ ಹಿಡಿಕೆ ಹಚ್ಚಿದ ಹಾಗಿದೆ ಎಂದಳು. ಅದನ್ನು ಕಾರಿಗೆ ಬಿಗಿಯಲು ಕಾರಿನದೇ ಬೆಲ್ಟು ಬೇಕಂತೆ. ಮಗಳು ಹಿಂದಿನ ಸೀಟಿನಲ್ಲಿ ತಲೆ ಹಾಕಿ ಬಹಳ ಹೊತ್ತು ಹುಡುಕಿದಳು.

"ಅಪ್ಪಾ, ಹಿಂದಿನ ಬೆಲ್ಟ್ ಎಲ್ಲಿ ಅದಾವು?"

"ಅಲ್ಲೇ ಇರಬೇಕು ನೋಡು, ಎಲ್ಲಿ ಹೋಗ್ತಾವು?"

"ಬಲಗಡೇದು ಕವರಿನ ಕೆಳಗ ಸಿಕ್ತು. ಎಡಗಡೇದು ಯಾರೋ ಕೊಯ್ದಾಂಗ ಐತಿ."

ಯಾರೋ ಅಲ್ಲ, ನಾನೇ. ನಮ್ಮ ಆಕಳು ಕರುವಾಗಿದ್ದಾಗಿನಿಂದ ಹಗ್ಗ ಹರಿಯುವುದರಲ್ಲಿ ಎತ್ತಿದ ಕೈ. ಮೂರು ಸಲ ಹರಿದುಕೊಂಡು ಹೋಗಿ ಪಕ್ಕದವರ ಜೋಳ ತಿಂದು, ನನಗೆ ಮಾತು ಕೇಳಿಸಿತ್ತು. ಹಿಂದಿನ ಸೀಟಿನ ಬೆಲ್ಟನ್ನು ಯಾರು ಹಾಕಿಕೊಳ್ಳುತ್ತಾರೆ ಎಂದುಕೊಂಡು ಒಂದನ್ನು ಕೊಯ್ದು ಅದರ ಕೊರಳಿಗೆ ಕಟ್ಟಿದ್ದೆ. ಇನ್ನೊಂದು ಕಾಲಿಗೆ ತೊಡರುತ್ತದೆಂದು ಮರೂನ್ ಬಣ್ಣದ ಮಖಮಲ್ ಕವರು ಹೊಲಿಸುವಾಗ ಒಳಗೇ ಸೇರಿಸಿ ಹೊಲಿಸಿಬಿಟ್ಟಿದ್ದೆ. ಎಲ್ಲವನ್ನೂ ಹೇಳಿದೆ. ಮಗಳು ಹಿತ್ತಲಿಗೆ ಹೋಗಿ ಆಕಳನ್ನು ನೋಡಿದವಳೇ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ನಕ್ಕು ಮುಗಿದ ಮೇಲೆ ಮುಖ ಬಿಗಿಯಾಯಿತು.

"ಒಂದು ಬೆಲ್ಟರ ಉಳಿದೈತಲ್ಲ, ಅದಕ್ಕ ಕಟ್ಟೋಣು. ಆದರ ಸೀಟು ಅಲುಗಾಡಿತಂದ್ರ ನಾ ಕೂಸಿನ್ನ ಇದರಾಗ ಕುಂದ್ರಸಂಗಿಲ್ಲ ಅಪ್ಪಾ. ಅವರಿಗೆ ಫೋನ್ ಮಾಡ್ತೀನಿ, ಅವರ ಗಾಡಿ ತಗೊಂಡು ಬರ್ತಾರ."

ಅಳಿಯ ಬಂದು ಕರೆದುಕೊಂಡು ಹೋಗುವುದು, ನಾನು ಬಾಗಿಲಲ್ಲಿ ನಿಂತು ಕೈ ಬೀಸುವುದು! ಒಳಗೆ ಹೋಗಿ ಬ್ಲೇಡು ಹುಡುಕಿ ತಂದೆ.

ಬ್ಲೇಡಿನಿಂದ ಮಖಮಲ್ ಕವರನ್ನು ಕೊಯ್ಯುವಾಗ ಕಣ್ಣು ಮುಚ್ಚಿಕೊಂಡೆ. ಬೆಲ್ಟು ಸಿಕ್ಕಿಸುವ ಬಕಲ್ಲು ಒಳಗಿನಿಂದ ಹೊರಬಂತು, ಜೊತೆಗೆ ಒಂದು ಹಳೆಯ ಹೇರ್‌ಪಿನ್ನು ಮತ್ತು ಒಂದಿಷ್ಟು ಚುರುಮುರಿ. ಸೀಟು ಇಡುವ ಮೊದಲು ಹೆಂಡತಿ ಒಂದು ಕೌದಿ ತಂದು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದಳು. ತನ್ನ ಹಳೆಯ ಸೀರೆಗಳನ್ನು ಸೇರಿಸಿ ಈ ಕೂಸಿಗೆಂದೇ ಐದು ತಿಂಗಳು ಕೂತು ಹೊಲಿದ ಕೌದಿ ಅದು. ಮೇಲೆ ಸೀಟಿಟ್ಟು ಬೆಲ್ಟು ಹಾಕಿ ಹಿಡಿದು ಅಲುಗಿಸಿದರೆ, ಆ ಕಡೆ ಗೇಣು, ಈ ಕಡೆ ಗೇಣು. ಬಿಚ್ಚಿ ಮತ್ತೆ ಕಟ್ಟಿದೆವು. ಮತ್ತೆ ಅದೇ.

ನಾನು ಅಂಗಡಿಗೆ ಹೋಗಿ ನೈಲಾನ್ ಹಗ್ಗ ತಂದು ಬೋರಿನ ಪೈಪನ್ನು ಟ್ರ್ಯಾಕ್ಟರಿಗೆ ಬಿಗಿಯುವ ಗಂಟು ಹಾಕಿದೆ. ಮಗಳು ಆ ಗಂಟು ಬಿಚ್ಚತೊಡಗಿದಳು. ನನ್ನ ಪಿತ್ತ ನೆತ್ತಿಗೇರಿತು.

"ನಿನ್ನ ಯಾವ ಸೀಟಿನಾಗ ಕುಂದ್ರಿಸಿದ್ವಿ ನಾವು? ನೀ ಬೆಳದಿಲ್ಲೇನು?"

ಅವಳ ಬೆರಳು ತಾನಾಗಿಯೇ ಗದ್ದದ ಕೆಳಗೆ ಹೋಯಿತು.

ಅಲ್ಲಿ ನಾಲ್ಕು ಹೊಲಿಗೆಯ ಗುರುತಿದೆ. ಅವಳಿಗೆ ನಾಲ್ಕು ವರ್ಷವಿದ್ದಾಗ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಯಲಬುರ್ಗಾಕ್ಕೆ ಹೊರಟಿದ್ದೆ. ಗಾಡಿಗಳು ತುಳಿದು ಕಾಳು ಬಿಡಿಸಲೆಂದು ಯಾರೋ ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು. ನಿಧಾನಿಸಿದ್ದರೆ ಆಗುತ್ತಿತ್ತು. ನಾನು ನಿಧಾನಿಸಲಿಲ್ಲ, ಸ್ಕೂಟರು ಜಾರಿತು. ನನಗೆ ಒಂದು ಗೀರೂ ಆಗಲಿಲ್ಲ. ಅವಳ ಬಿಳಿ ಫ್ರಾಕಿನ ಎದೆಯೆಲ್ಲ ರಕ್ತ. ಆ ಮಾತನ್ನು ಅವಳು ಒಮ್ಮೆಯೂ ಎತ್ತಿ ಆಡಿದವಳಲ್ಲ, ಆ ಬುಧವಾರವೂ ಆಡಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಸುಮ್ಮನೆ ಬಗ್ಗಿ ಅವಳ ಜೊತೆ ನಾನೂ ಹಗ್ಗ ಬಿಚ್ಚಿದೆ.

ಸೀಟಿನ ಜೊತೆ ಬಂದ ಪುಸ್ತಕವನ್ನು ಆಗ ಕೂತು ಓದಿದೆವು. ಕೆಳಗೆ ದಪ್ಪನೆಯದೇನನ್ನೂ ಹಾಸಬಾರದು ಎಂದು ಚಿತ್ರದ ಸಮೇತ ಬರೆದಿತ್ತು. ಮೆತ್ತನೆಯ ಕೌದಿ ಕುಗ್ಗುತ್ತದೆ, ಅದು ಕುಗ್ಗಿದಷ್ಟೂ ಬೆಲ್ಟು ಸಡಿಲ. ಹೆಂಡತಿ ಮುಖ ಊದಿಸಿಕೊಂಡು ಕೌದಿ ಎತ್ತಿಕೊಂಡಳು.

"ಅಪ್ಪಾ, ಸೀಟಿನಾಗ ಮೊಣಕಾಲೂರಿ ನಿನ್ನ ಭಾರ ಎಲ್ಲಾ ಹಾಕು. ನಾ ಜಗ್ತೀನಿ."

ಮೊಣಕಾಲೂರಿದೆ. ತಲೆ ಕಾರಿನ ಮಾಡಿಗೆ ಬಡಿಯಿತು. ಅವಳು ಹಲ್ಲು ಕಚ್ಚಿ ಬೆಲ್ಟು ಜಗ್ಗಿ, ಸೀಟಿನ ಕೆಂಪು ಕ್ಲಿಪ್ಪಿನಲ್ಲಿ ಅದನ್ನು ಸಿಕ್ಕಿಸಿದಳು. ನಾನು ಇಳಿದು ಎರಡೂ ಕೈಯಿಂದ ಹಿಡಿದು ಅಲುಗಿಸಿದೆ. ಸೀಟು ಅಲುಗಲಿಲ್ಲ, ಇಡೀ ಕಾರು ಅಲುಗಿತು! ಅರವತ್ತರ ವಯಸ್ಸಿನಲ್ಲಿ ನಾನು ಅಂಗಳದಲ್ಲಿ ಕೇಕೆ ಹಾಕಿದ್ದನ್ನು ಓಣಿಯವರೆಲ್ಲ ಕೇಳಿದರು.

ಹೆಂಡತಿ ಮಾತ್ರ ಒಪ್ಪಲಿಲ್ಲ. "ತವರಿನಿಂದ ಕೂಸು ಹೋಗೂದು ಅವ್ವನ ಉಡ್ಯಾಗ. ಈ ಬುಟ್ಟ್ಯಾಗ ಅಲ್ಲ. ಅದೂ ಈ ಎರಡು ಬೆರಳಿನ ಪಟ್ಟಿ ನಂಬಿ?"

ಮಗಳು ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ.

"ಅವ್ವಾ, ಅದರ ಜೋಡಿ ಪಟ್ಟಿ ಇದು. ಇದು ಯಾವಾಗರ ಹರಿದೈತೇನು?"

ಹೆಂಡತಿ ಆಕಳ ಕೊರಳಿನ ಬೆಲ್ಟಿಗೆ ಬೆರಳು ಸೇರಿಸಿ ಜಗ್ಗಿದಳು. ಒಂಬತ್ತು ವರ್ಷದ ಮಳೆ, ಬಿಸಿಲು, ಸಗಣಿ ಎಲ್ಲ ಕಂಡರೂ ಒಂದು ಎಳೆಯೂ ಬಿಚ್ಚಿರಲಿಲ್ಲ. ಆ ಆಕಳ ಶಕ್ತಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ದಿನಾ ಹಾಲು ಹಿಂಡುವವಳು ಅವಳೇ. ತಿರುಗಿ ನನ್ನನ್ನು ನೋಡಿದಳು.

"ನೀವು ಮಾಡಿದ ಕೆಲಸದಾಗ ಇದೊಂದು ಛಲೋ ಆತು ನೋಡ್ರಿ."

ಗುರುವಾರ ಮುಂಜಾನೆ ಮಗಳಿಗೆ ಉಡಿ ತುಂಬುವ ಶಾಸ್ತ್ರ ಮುಗಿಯಿತು. ಅವಳು ಸೆರಗು ಸಾವರಿಸಿಕೊಂಡು ಏಳುತ್ತಿದ್ದಂತೆ ನನ್ನ ಹೆಂಡತಿ ಇನ್ನೊಂದು ತಟ್ಟೆ ಹಿಡಿದು ಕಾರಿನ ಕಡೆ ನಡೆದಳು. ಕೂಸಿನ ಸೀಟಿನಲ್ಲಿ ಹಸಿರು ಕುಬಸದ ಕಣ ಹಾಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ-ಅಡಿಕೆ, ಅರಿಷಿಣ ಕೊಂಬು ಇಟ್ಟು ಕುಂಕುಮ ಹಚ್ಚಿದಳು. ನಾವು ನೋಡುತ್ತಾ ನಿಂತೆವು.

"ಇನ್ನ ಇದೂ ಉಡಿನ ಆತು," ಎಂದಳು. ಎಲ್ಲವನ್ನೂ ಅದೇ ಕಣದಲ್ಲಿ ಗಂಟು ಕಟ್ಟಿ ಎತ್ತಿಕೊಂಡು, "ಈಗ ಕುಂದ್ರಸು," ಎಂದು ಮಗಳಿಗೆ ಹೇಳಿದಳು.

ಕೂಸನ್ನು ಕೂರಿಸಿ, ಹೆಗಲ ಪಟ್ಟಿಗಳನ್ನು ಬಿಗಿದ ಮೇಲೆ, ಮಗಳು ತಾನೇ ಕೌದಿ ಕೇಳಿ ತೆಗೆದುಕೊಂಡು ಕೂಸಿನ ಕಾಲ ಮೇಲೆ ಹೊದಿಸಿದಳು. ಹೆಂಡತಿಯ ಮುಖ ಅರಳಿತು. ಆದರೂ ಒಂದು ಅನುಮಾನ ಉಳಿದಿತ್ತು.

"ಹಿಂದಕ್ಕ ಮುಖ ಮಾಡಿ ಕುಂತಾಳಲ್ಲವಾ?"

"ಸಣ್ಣ ಕೂಸಿಗೆ ಹಂಗ ಕುಂದ್ರಸೂದು ಅವ್ವಾ. ಅಜ್ಜಿ ಮನಿ ನೋಡ್ಕೋತ ಹೋಗ್ತಾಳ ಬಿಡು. ನಾನೂ ಮದುವ್ಯಾಗ ಹಂಗ ಹೋಗಿದ್ನಲ್ಲ."

ಹೆಂಡತಿ ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ ಮುಟ್ಟಲು ಆ ದಿನ ನನಗೆ ಮೂರು ತಾಸು ಹಿಡಿಯಿತು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿತು, ನನಗೆ ಸಿಟ್ಟೇ ಬರಲಿಲ್ಲ. ಕನಕಗಿರಿಯ ಈಚೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ದೂರದಿಂದಲೇ ಕಂಡು ಮೊದಲನೇ ಗೇರಿಗೆ ಇಳಿಸಿ, ಅಂಚಿನಲ್ಲಿ ಇರುವೆ ನಡೆದಂತೆ ನಡೆಸಿದೆ. ಕನ್ನಡಿಯಲ್ಲಿ ಮಗಳ ಕಣ್ಣು ನನ್ನ ಕಣ್ಣಿಗೆ ಸಿಕ್ಕವು. ಅವಳು ಸಣ್ಣಗೆ ನಕ್ಕಳು.

ಬೀಗರ ಮನೆಯಲ್ಲಿ ಆರತಿ, ಊಟ ಎಲ್ಲ ಆಯಿತು. ಹೊರಡುವ ಹೊತ್ತಿಗೆ ಅಳಿಯನಿಗೆ ಕೊಟ್ಟು ಹೋಗೋಣವೆಂದು ಸೀಟಿನ ಕೆಂಪು ಕ್ಲಿಪ್ಪಿಗೆ ಕೈ ಹಾಕಿದೆ. ಮಗಳು ಕೂಸನ್ನೆತ್ತಿಕೊಂಡು ಓಡಿ ಬಂದಳು.

"ಅಪ್ಪಾ, ಬಿಚ್ಚಬ್ಯಾಡ. ಅಲ್ಲೇ ಇರ್ಲಿ. ಇವರ ಗಾಡಿಗೆ ಬ್ಯಾರೇದು ತರಸ್ತೀನಿ."

"ಯಾಕವಾ?"

"ನಾಗರ ಪಂಚಮಿಗೆ ತವರಿಗೆ ಕರಿಯಾಕ ನೀನ ಬರ್ತೀಯಲ್ಲ?"

ಕಾರಿನ ಸುತ್ತ ಒಮ್ಮೆ ಸುತ್ತಿ, ಗಾಳಿ ಸರಿಯಿದ್ದ ಟೈರುಗಳನ್ನೆಲ್ಲ ಕಾಲಿನಿಂದ ಒದ್ದು ನೋಡಿ, ಬಂದು ಕುಳಿತೆ.

ಮರಳಿ ಬರುವಾಗ ತಾವರಗೇರಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಇಳಿದವನು ಹಿಂದಿನ ಬಾಗಿಲು ತೆಗೆದು ಸೀಟು ಹಿಡಿದು ಅಲುಗಿಸಿದೆ. ಬಟ್ಟೆಯ ಮಡಿಕೆಯಿಂದ ಎರಡು ಅಕ್ಕಿಕಾಳು ಉದುರಿದವು, ಸೀಟು ಕದಲಲಿಲ್ಲ.

"ಯಾರೂ ಇಲ್ಲಲ್ರೀ ಅದರಾಗ," ಎಂದಳು ಹೆಂಡತಿ.

"ಪಂಚಮಿಗೆ ಬರ್ತಾರಲ್ಲ," ಎಂದೆ.